ಹೇರ್ ಮಾಸ್ಕ್ ಸ್ಯಾಶೆಗೂ ಪದಾರ್ಥಗಳ ಪಟ್ಟಿ ಬೇಕು

ಮಾನ್ಯ ಸಂಪಾದಕರೇ,

‘ಡೀಪ್ ಕಂಡೀಷನಿಂಗ್’ ಎಂಬ ಹೆಸರಿನ ಹೇರ್ ಮಾಸ್ಕ್‌ಗಳು, ಅಂದರೆ ಕೂದಲಿಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯುವ ಗಟ್ಟಿ ಲೇಪಗಳು, ಈಗ ದೊಡ್ಡ ಊರುಗಳ ಮಾಲ್‌ಗಳಿಗಷ್ಟೇ ಸೀಮಿತವಾಗಿಲ್ಲ. ತಾಲ್ಲೂಕು ಕೇಂದ್ರಗಳ ಫ್ಯಾನ್ಸಿ ಸ್ಟೋರ್‌ಗಳಲ್ಲೂ ಡಬ್ಬಿಗಳಲ್ಲಿ, ಒಂದೇ ಸಲಕ್ಕಾಗುವ ಸ್ಯಾಶೆಗಳಲ್ಲಿ ದೊರೆಯುತ್ತಿವೆ. ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುವ ನನ್ನನ್ನು ವಿದ್ಯಾರ್ಥಿನಿಯರೂ ಅವರ ತಾಯಂದಿರೂ ಇವುಗಳ ಬಗ್ಗೆ ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆ: ಇದನ್ನು ಹಚ್ಚಿದರೆ ಕೂದಲು ಉದುರುವುದು ನಿಲ್ಲುತ್ತದೆಯೇ, ಮತ್ತು ಬೆಲೆ ಹೆಚ್ಚಾದಷ್ಟೂ ಮಾಸ್ಕ್ ಒಳ್ಳೆಯದೇ? ಎರಡಕ್ಕೂ ಉತ್ತರ ಬಹುಮಟ್ಟಿಗೆ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ. ಆ ಅಕ್ಷರಗಳೇ ಇಲ್ಲದ ಪೊಟ್ಟಣಗಳನ್ನು ಮಾರಲು ನಮ್ಮ ನಿಯಮಗಳು ಅವಕಾಶ ಕೊಟ್ಟಿವೆ ಎಂಬುದೇ ಈ ಪತ್ರ ಬರೆಯಲು ಕಾರಣ.

ಮೊದಲು ಮಾಸ್ಕ್ ಮಾಡುವ ಕೆಲಸವನ್ನು ನೋಡೋಣ. ನೆತ್ತಿಯ ಚರ್ಮದಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಆ ಎಳೆಯ ಮೇಲೆ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಮಲಗಿದ ತೆಳುಪದರಗಳಿರುತ್ತವೆ, ಅವುಗಳ ಮೇಲೆ ನೀರನ್ನು ದೂರವಿಡುವ ಸೂಕ್ಷ್ಮವಾದ ಜಿಡ್ಡಿನ ಲೇಪವಿರುತ್ತದೆ. ಬ್ಲೀಚ್, ಕ್ಷಾರೀಯ ಹೇರ್ ಕಲರ್, ಸ್ಟ್ರೇಟ್ನಿಂಗ್ ಯಂತ್ರದ ಬಿಸಿ, ಒದ್ದೆ ಕೂದಲನ್ನು ಎಳೆದೆಳೆದು ಬಾಚುವುದು ಇವೆಲ್ಲ ಈ ಲೇಪವನ್ನೂ ಪದರಗಳನ್ನೂ ಹಾಳುಮಾಡುತ್ತವೆ. ಹೀಗೆ ಹಾಳಾದ ಜಾಗದಲ್ಲಿ ಋಣ ವಿದ್ಯುದಂಶ ಹೆಚ್ಚುತ್ತದೆ. ಮಾಸ್ಕ್‌ನಲ್ಲಿರುವ ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಸೆಟ್ರಿಮೋನಿಯಂ ಕ್ಲೋರೈಡ್, ಪಾಲಿಕ್ವಾಟರ್ನಿಯಂ ಮೊದಲಾದ ಪದಾರ್ಥಗಳು ಧನ ವಿದ್ಯುದಂಶ ಉಳ್ಳವಾದ್ದರಿಂದ ಎಲ್ಲಿ ಹಾನಿ ಹೆಚ್ಚಿದೆಯೋ ಅಲ್ಲಿಗೇ ಹೆಚ್ಚಾಗಿ ಹೋಗಿ ಅಂಟಿಕೊಳ್ಳುತ್ತವೆ, ತೊಳೆದ ಮೇಲೂ ಸ್ವಲ್ಪ ಉಳಿಯುತ್ತವೆ. ಕೂದಲು ಕೂದಲಿಗೆ ಉಜ್ಜುವುದು ಕಡಿಮೆಯಾಗುತ್ತದೆ, ಸಿಕ್ಕು ಸುಲಭವಾಗಿ ಬಿಡುತ್ತದೆ, ಬಾಚುವಾಗ ಎಳೆ ತುಂಡಾಗುವುದು ತಗ್ಗುತ್ತದೆ. ಇದು ನಿಜವಾದ ಪ್ರಯೋಜನ. ಬಣ್ಣ ಹಾಕಿಸಿಕೊಂಡವರಿಗೆ, ಗುಂಗುರು ಕೂದಲಿನವರಿಗೆ, ಸೊಂಟದವರೆಗೆ ಜಡೆ ಬಿಟ್ಟವರಿಗೆ ಇದು ಬಹಳ ಉಪಕಾರಿ. ಯಾವ ರಾಸಾಯನಿಕವನ್ನೂ ಸೋಕಿಸದ ಗಿಡ್ಡ ಕೂದಲಿನವರಿಗೆ ಸಾಧಾರಣ ಕಂಡೀಷನರ್ ಸಾಕು. ಎರಡರಲ್ಲೂ ಇರುವ ಮುಖ್ಯ ಪದಾರ್ಥಗಳು ಸಾಮಾನ್ಯವಾಗಿ ಅವೇ, ಮಾಸ್ಕ್‌ನಲ್ಲಿ ಪ್ರಮಾಣ ಕೊಂಚ ಹೆಚ್ಚು ಮತ್ತು ಹದ ಗಟ್ಟಿ.

ಆದರೆ ಬುಡದಿಂದ ಕೂದಲು ಉದುರುವುದು ಬೇರೆಯೇ ವಿಷಯ. ಹೆರಿಗೆಯಾದ ಕೆಲವು ತಿಂಗಳಿಗೆ, ಡೆಂಗಿ ಅಥವಾ ಟೈಫಾಯ್ಡ್‌ನಂಥ ಜ್ವರದಿಂದ ಚೇತರಿಸಿಕೊಂಡ ಎರಡು ಮೂರು ತಿಂಗಳಿಗೆ, ಕಬ್ಬಿಣಾಂಶದ ಕೊರತೆಯಿಂದ, ಥೈರಾಯ್ಡ್ ಏರುಪೇರಿನಿಂದ ಉದುರುವ ಕೂದಲನ್ನು ಎಳೆಯ ಹೊರಮೈಗೆ ಹಚ್ಚುವ ಯಾವ ಲೇಪವೂ ತಡೆಯಲಾರದು. ಅಂಥವರು ಹೋಗಬೇಕಾದದ್ದು ವೈದ್ಯರ ಬಳಿಗೆ, ಮಾಡಿಸಬೇಕಾದದ್ದು ರಕ್ತಪರೀಕ್ಷೆ. ಜಾಹೀರಾತುಗಳು ಈ ವ್ಯತ್ಯಾಸವನ್ನು ಜಾಣತನದಿಂದ ಮಸುಕು ಮಾಡುತ್ತವೆ. ‘ಕೂದಲು ಉದುರುವಿಕೆ ಕಡಿಮೆ’ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲೊಂದು ನಕ್ಷತ್ರ ಚಿಹ್ನೆ ಇಟ್ಟು, ‘ತುಂಡಾಗುವುದರಿಂದ ಆಗುವ ಉದುರುವಿಕೆ ಮಾತ್ರ’ ಎಂದು ಕೆಳಗೆಲ್ಲೋ ಕಣ್ಣಿಗೆ ಕಾಣದಂತೆ ಸೇರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ರಕ್ತಹೀನತೆಯಿಂದ ಬಳಲುವ ಹುಡುಗಿಯೊಬ್ಬಳು ಇದನ್ನು ನಂಬಿ ತಿಂಗಳುಗಟ್ಟಲೆ ಚಿಕಿತ್ಸೆಯನ್ನು ಮುಂದೂಡಿದರೆ ಆಗುವ ನಷ್ಟ ಕೇವಲ ಹಣದ್ದಲ್ಲ.

ಇನ್ನು ಬೆಲೆಯ ಪ್ರಶ್ನೆ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲೂ, ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವುದೇ ಕ್ರಮದಲ್ಲೂ ಬರೆಯಬೇಕೆಂದು ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳು ಹೇಳುತ್ತವೆ. ಈ ಒಂದು ನಿಯಮ ಗೊತ್ತಿದ್ದರೆ ಡಬ್ಬಿ ತಾನೇ ಮಾತಾಡುತ್ತದೆ. ಉದಾಹರಣೆಗೆ, ಮುಂಬದಿಯಲ್ಲಿ ಆರ್ಗನ್ ಎಣ್ಣೆಯ ಚಿತ್ರವಿರುವ ಒಂದು ಮಾಸ್ಕ್‌ನ ಪಟ್ಟಿ ಹೀಗೆ ಸಾಗುತ್ತದೆ ಎಂದುಕೊಳ್ಳೋಣ: ನೀರು, ಸೆಟೊಸ್ಟಿಯರಿಲ್ ಆಲ್ಕೊಹಾಲ್, ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್, ಗ್ಲಿಸರಿನ್, ಡೈಮೆಥಿಕೋನ್, ಫೀನಾಕ್ಸಿಎಥನಾಲ್, ಸುಗಂಧ, ಆರ್ಗನ್ ಎಣ್ಣೆ, ಜಲವಿಚ್ಛೇದಿತ ಕೆರಾಟಿನ್. ಫೀನಾಕ್ಸಿಎಥನಾಲ್ ಕೆಡದಂತೆ ಕಾಯುವ ಸಂರಕ್ಷಕ. ಅದನ್ನು ಶೇ 1ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಹಾಗಾದರೆ ಪಟ್ಟಿಯಲ್ಲಿ ಅದರ ನಂತರ ಬರುವ ಆರ್ಗನ್ ಎಣ್ಣೆಯೂ ಶೇ 1ನ್ನು ಮೀರಿರಲಾರದು. 200 ಗ್ರಾಂ ಡಬ್ಬಿಯಲ್ಲಿ ಅದು ಹೆಚ್ಚೆಂದರೆ 2 ಗ್ರಾಂ, ಅರ್ಧ ಟೀಚಮಚದಷ್ಟು. ಗ್ರಾಹಕರು ಹೆಚ್ಚಿನ ಬೆಲೆ ತೆರುವುದು ಆ ಅರ್ಧ ಚಮಚದ ಹೆಸರಿಗೆ. ಕೂದಲನ್ನು ನಯಗೊಳಿಸುವುದು ಪಟ್ಟಿಯ ಮೊದಲರ್ಧದಲ್ಲಿರುವ, ಅಗ್ಗದ ಮಾಸ್ಕ್‌ನಲ್ಲೂ ಸಿಗುವ ಪದಾರ್ಥಗಳು. ಕೊನೆಯಲ್ಲಿರುವುದೆಲ್ಲ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಪ್ಯಾಂಥೆನಾಲ್, ಅಮೋಡೈಮೆಥಿಕೋನ್, ಸಣ್ಣ ತುಣುಕುಗಳಾಗಿ ಒಡೆದ ಪ್ರೋಟೀನುಗಳು ಅಲ್ಪ ಪ್ರಮಾಣದಲ್ಲೂ ಕೆಲಸಕ್ಕೆ ಬರುತ್ತವೆ.

ಪಟ್ಟಿ ಓದುವವರಲ್ಲಿ ಕೆಲವು ಅನಗತ್ಯ ಭಯಗಳೂ ಇವೆ. ‘ಆಲ್ಕೊಹಾಲ್’ ಎಂದು ಕಂಡ ಕೂಡಲೇ ಕೂದಲು ಒಣಗುತ್ತದೆಂದು ಡಬ್ಬಿ ಕೆಳಗಿಡುವವರಿದ್ದಾರೆ. ಸೆಟೈಲ್, ಸ್ಟಿಯರಿಲ್ ಆಲ್ಕೊಹಾಲ್‌ಗಳು ಮೇಣದಂಥ ಘನವಸ್ತುಗಳು, ಅವು ಕೂದಲನ್ನು ಮೃದುಗೊಳಿಸುತ್ತವೆಯೇ ಹೊರತು ಒಣಗಿಸುವುದಿಲ್ಲ. ಡೈಮೆಥಿಕೋನ್‌ನಂಥ ಸಿಲಿಕೋನ್ ವಿಷವಲ್ಲ, ಶಾಂಪೂ ಹಾಕಿದಾಗ ಅದರ ಬಹುಪಾಲು ಹೋಗುತ್ತದೆ. ನಿಜವಾಗಿ ಗಮನಿಸಬೇಕಾದವು ಅಲರ್ಜಿ ಉಂಟುಮಾಡಬಲ್ಲ ಸಂರಕ್ಷಕಗಳು ಮತ್ತು ಸುಗಂಧ. ಮೀಥೈಲ್‌ಐಸೊಥಯಾಜೊಲಿನೋನ್ ಎಂಬ ಸಂರಕ್ಷಕವನ್ನು, ಹಚ್ಚಿ ತೊಳೆಯದೆ ಬಿಡುವ ಪ್ರಸಾಧನಗಳಲ್ಲಿ ಐರೋಪ್ಯ ಒಕ್ಕೂಟ ನಿಷೇಧಿಸಿದೆ. ಡಿಎಂಡಿಎಂ ಹೈಡಾಂಟೊಯಿನ್ ಎಂಬ ಇನ್ನೊಂದು ಸಂರಕ್ಷಕ, ಅಲರ್ಜಿ ಉಂಟುಮಾಡಬಲ್ಲ ಫಾರ್ಮಾಲ್ಡಿಹೈಡನ್ನು ನಿಧಾನವಾಗಿ ಬಿಡುಗಡೆ ಮಾಡುತ್ತದೆ. ಹಿಂದೆ ಹೇರ್ ಡೈನಿಂದ ತುರಿಕೆ ಬಂದವರು, ಇಸಬು ಇರುವವರು ಹೊಸ ಮಾಸ್ಕನ್ನು ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ನೋಡುವುದು ಕ್ಷೇಮ.

ಹಾಗಾದರೆ ಮನೆಯ ಮದ್ದೇ ಮೇಲಲ್ಲವೇ ಎಂದು ಕೇಳುವವರಿಗೆ, ಕೆಲವು ಖಂಡಿತ ಮೇಲು ಎನ್ನುತ್ತೇನೆ. ಮಲೆನಾಡಿನಲ್ಲಿ ಮತ್ತಿಸೊಪ್ಪನ್ನೋ ದಾಸವಾಳದ ಎಲೆಯನ್ನೋ ನೀರಿನಲ್ಲಿ ಕಿವುಚಿ ಮಾಡುವ ಗೊಂಪು, ಬಯಲುಸೀಮೆಯವರು ನೆನೆಸಿ ಅರೆಯುವ ಮೆಂತ್ಯ, ಇವುಗಳ ಲೋಳೆ ಕೂದಲ ಮೇಲೆ ತೆಳುವಾದ ಪೊರೆಯಾಗಿ ನಿಂತು ಸಿಕ್ಕು ಬಿಡಿಸುತ್ತದೆ. ಕೊಬ್ಬರಿ ಎಣ್ಣೆಯ ವಿಷಯದಲ್ಲಂತೂ ಪ್ರಯೋಗಾಲಯದ ಆಧಾರವೇ ಇದೆ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣುಗಳು ಚಿಕ್ಕವೂ ನೇರ ಸರಪಳಿಯವೂ ಆದ್ದರಿಂದ ಎಳೆಯ ಒಳಗೆ ಇಳಿಯಬಲ್ಲವು. ಆ ಅಧ್ಯಯನ ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯ ಸಂಶೋಧಕರೇ ಎಂಬುದನ್ನೂ ಓದುಗರು ತಿಳಿದಿರಬೇಕು. ಸ್ನಾನಕ್ಕೆ ಮುಂಚೆ ಎಳೆಗಳಿಗೆ ಎಣ್ಣೆ ಹಚ್ಚುವ ನಮ್ಮ ರೂಢಿ ಅರ್ಥವುಳ್ಳದ್ದು. ಆದರೆ ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಸುರಿದುಕೊಳ್ಳಬಾರದು, ಹೊಟ್ಟಿಗೆ ಕಾರಣವಾಗುವ ಮಲಸೀಝಿಯ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹಸಿ ಮೊಟ್ಟೆಯ ಪ್ರೋಟೀನ್ ಅಣುಗಳು ಕೂದಲೊಳಗೆ ಹೋಗಲಾರದಷ್ಟು ದೊಡ್ಡವು. ಅಡುಗೆ ಸೋಡಾ ಕ್ಷಾರೀಯವಾದ್ದರಿಂದ ಅದನ್ನು ತಲೆಗೆ ಹಚ್ಚಲೇಬಾರದು.

ಬಳಕೆಯ ಕ್ರಮ ಸರಳ. ಶಾಂಪೂ ಆದ ಮೇಲೆ ನೀರು ಹಿಂಡಿ, ನೆತ್ತಿಯನ್ನು ಬಿಟ್ಟು ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿ, ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆದರೆ ಆಯಿತು. ರಾತ್ರಿಯಿಡೀ ಕಟ್ಟಿಕೊಂಡು ಮಲಗುವುದರಿಂದ ಹೆಚ್ಚಿನ ಲಾಭವಿಲ್ಲ. ನೀರು ಕುಡಿದು ಉಬ್ಬಿದ ಕೂದಲು ಇನ್ನಷ್ಟು ದುರ್ಬಲವಾಗುತ್ತದೆ.

ಪಾರ್ಲರ್‌ಗಳ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅಲ್ಲಿ ‘ಹೇರ್ ಸ್ಪಾ’, ‘ಕೆರಾಟಿನ್ ಮಾಸ್ಕ್’, ‘ಕೆರಾಟಿನ್ ಟ್ರೀಟ್‌ಮೆಂಟ್’ ಎಂಬ ಹೆಸರುಗಳನ್ನು ಒಂದೇ ಎಂಬಂತೆ ಬಳಸಲಾಗುತ್ತಿದೆ. ಮೊದಲೆರಡು ಮೇಲೆ ಹೇಳಿದ ಬಗೆಯ ಲೇಪಗಳು. ಮೂರನೆಯದು ಕೂದಲನ್ನು ನೇರಗೊಳಿಸುವ ಕ್ರಿಯೆ. ಅದರಲ್ಲಿ ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ ಇರಬಹುದು. ಗ್ಲೈಆಕ್ಸಿಲಿಕ್ ಆಮ್ಲವಿದ್ದ ಕ್ರೀಮ್ ಹಚ್ಚಿಸಿಕೊಂಡ ಟ್ಯುನೀಷಿಯಾದ 26 ವರ್ಷದ ಯುವತಿಯ ಮೂತ್ರಪಿಂಡಕ್ಕೆ ಪ್ರತಿ ಸಲವೂ ಹಾನಿಯಾದದ್ದನ್ನು 2024ರಲ್ಲಿ ಫ್ರಾನ್ಸ್‌ನ ವೈದ್ಯರು ವರದಿ ಮಾಡಿದ್ದಾರೆ. ಅದೇ ಕ್ರೀಮನ್ನು ಇಲಿಗಳಿಗೆ ಹಚ್ಚಿದಾಗ ಅವುಗಳ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಂಡವು. ಮದುವೆಗೆ ಮುನ್ನ ಪಾರ್ಲರ್‌ಗೆ ಹೋಗುವ ಹೆಣ್ಣುಮಕ್ಕಳು ಬಟ್ಟಲಿನಲ್ಲಿ ಕಲಸಿ ತಂದದ್ದನ್ನು ಹಾಗೆಯೇ ಹಚ್ಚಿಸಿಕೊಳ್ಳದೆ, ಮೂಲ ಡಬ್ಬಿಯನ್ನು ತೋರಿಸಿ ಎಂದು ಕೇಳಲು ಸಂಕೋಚಪಡಬಾರದು.

ಈಗ ಸ್ಯಾಶೆಯ ವಿಷಯ. ಪದಾರ್ಥಗಳ ಪಟ್ಟಿಯನ್ನು ಕಡ್ಡಾಯಗೊಳಿಸಿದ ಅದೇ ನಿಯಮಗಳು 60 ಮಿಲಿಲೀಟರ್‌ಗಿಂತ ಕಡಿಮೆ ಇರುವ ದ್ರವಗಳಿಗೂ 30 ಗ್ರಾಂಗಿಂತ ಕಡಿಮೆ ಇರುವ ಘನ ಹಾಗೂ ಅರೆಘನ ಪ್ರಸಾಧನಗಳಿಗೂ ವಿನಾಯಿತಿ ನೀಡಿವೆ. ಒಂದು ಬಾರಿಗೆ ಬಳಸುವ ಸ್ಯಾಶೆಗಳು ಈ ಮಿತಿಯೊಳಗೇ ಬರುತ್ತವೆ. ಕೆಲವು ಕಂಪನಿಗಳು ತಾವಾಗಿಯೇ ಪಟ್ಟಿ ಮುದ್ರಿಸುತ್ತವೆ, ಅದು ಮೆಚ್ಚತಕ್ಕದ್ದು. ಮುದ್ರಿಸದವರನ್ನು ಪ್ರಶ್ನಿಸಲು ಬರುವುದಿಲ್ಲ. 200 ಗ್ರಾಂ ಡಬ್ಬಿಗೆ ನೂರಾರು ರೂಪಾಯಿ ಕೊಡಬಲ್ಲವರಿಗೆ ತಿಳಿಯುವ ಹಕ್ಕಿದೆ, ದಿನಗೂಲಿಯ ಹಣದಲ್ಲಿ ಒಂದು ಸ್ಯಾಶೆ ಕೊಳ್ಳುವ ಗಾರ್ಮೆಂಟ್ಸ್ ಕಾರ್ಮಿಕಳಿಗೆ ಅದು ಇಲ್ಲ ಎಂಬುದು ಯಾವ ನ್ಯಾಯ? ಅಲರ್ಜಿ ಪೊಟ್ಟಣದ ಗಾತ್ರ ನೋಡಿ ಬರುವುದಿಲ್ಲ. ಸ್ಯಾಶೆಯ ಮೇಲೆ ಜಾಗವಿಲ್ಲವೆಂಬ ವಾದವನ್ನು ಒಪ್ಪುವುದಾದರೂ, ಒಂದು ಕ್ಯೂಆರ್ ಕೋಡ್ ಮುದ್ರಿಸಲು ಮತ್ತು ಸ್ಯಾಶೆಗಳು ಬರುವ ಹೊರಪೆಟ್ಟಿಗೆಯ ಮೇಲೆ ಪೂರ್ಣ ಪಟ್ಟಿ ಹಾಕಲು ಅಡ್ಡಿಯೇನೂ ಇರಲಾರದು. ಕೇಂದ್ರ ಆರೋಗ್ಯ ಸಚಿವಾಲಯ ಈ ವಿನಾಯಿತಿಯನ್ನು ತೆಗೆದುಹಾಕಬೇಕು, ಅದಕ್ಕಾಗಿ ರಾಜ್ಯ ಸರ್ಕಾರವೂ ನಮ್ಮ ಸಂಸದರೂ ಒತ್ತಾಯಿಸಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಸಾಯನಶಾಸ್ತ್ರ ಉಪನ್ಯಾಸಕಿ, ತುಮಕೂರು