ಕುಪ್ಪಳಿಗೆ ಎರಡು ಮನೆಯವರ ನಮಸ್ಕಾರ

ಮಗಳ ಮದುವೆ ಕವಿ ಕುವೆಂಪು ಅವರ ಊರಾದ ಕುಪ್ಪಳಿಯ ಹೇಮಾಂಗಣ ಸಭಾಂಗಣದಲ್ಲಿ, ಪುರೋಹಿತರೂ ಮುಹೂರ್ತವೂ ಇಲ್ಲದ ಸರಳ ವಿವಾಹ ವಿಧಿಯಾದ ಮಂತ್ರಮಾಂಗಲ್ಯದ ಪ್ರಕಾರ ನಡೆಯಿತು. ಬಂದು ಹರಸಿದವರಿಗೆಲ್ಲ ಅಲ್ಲೇ ಕೈ ಮುಗಿದಿದ್ದೇನೆ. ಕುಪ್ಪಳಿಯವರಿಗೆ ಮಾತ್ರ ಆ ಗಡಿಬಿಡಿಯಲ್ಲಿ ಮನಸ್ಸು ತುಂಬಿ ಏನೂ ಹೇಳಲಾಗಲಿಲ್ಲ.

ಹುಡುಗ ಬೇರೆ ಜಾತಿಯವನು. ಬಹಳ ದಿನ ಮನೆಯಲ್ಲಿ ನೆಮ್ಮದಿಯಿರಲಿಲ್ಲ. ಯಾರ ಪದ್ಧತಿ, ಯಾರ ಕಡೆಯ ಪುರೋಹಿತರು, ಯಾವ ಊರಿನ ಛತ್ರ ಎನ್ನುವಲ್ಲಿಗೆ ಬಂದು ಮಾತು ಮುರಿದು ಬೀಳುತ್ತಿತ್ತು. ಕೆಲವರು ಫೋನ್ ಎತ್ತುವುದನ್ನೇ ಬಿಟ್ಟರು. ಆಗ ಕುಪ್ಪಳಿಯ ಹೆಸರು ಎತ್ತಿದವಳು ಮಗಳೇ. ಶಾಲಾ ಪ್ರವಾಸದಲ್ಲಿ ಕುವೆಂಪು ಬೆಳೆದ ಮನೆಯಾದ ಕವಿಮನೆ ನೋಡಿದ್ದಳು. ಕಾಲೇಜಿನಲ್ಲಿದ್ದಾಗ ಅಲ್ಲಿಯ ಸಾಹಿತ್ಯ ಶಿಬಿರಕ್ಕೂ ಹೋಗಿಬಂದಿದ್ದಳು. ಎರಡೂ ಕಡೆಯವರಿಗೆ ನಮ್ಮದು ಅನ್ನಿಸುವ ಜಾಗ ಅದೊಂದೇ ಎಂದಳು.

ನಮ್ಮ ಅತ್ತೆಯವರು ಮುಹೂರ್ತವಿಲ್ಲದ ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದವರು, ಹಿಂದಿನ ದಿನ ಮನಸ್ಸು ಬದಲಿಸಿ ಹೊರಟರು. ತೀರ್ಥಹಳ್ಳಿ ದಾಟಿದ ಮೇಲೂ ಮಾತಿಲ್ಲ. ಕವಿಮನೆಯೊಳಗೆ ಕುವೆಂಪು ಅವರ ಮದುವೆಯ ಮಂಟಪದ ಮುಂದೆ ನಿಂತವರು ಅಲ್ಲಾಡಲೇ ಇಲ್ಲ. 1937ರದ್ದು ಎಂದು ಅಲ್ಲಿಯ ಸಿಬ್ಬಂದಿ ತಿಳಿಸಿದರು. ಹಿಂದೆ ಸಾಲುಗಟ್ಟಿದ್ದ ಶಾಲೆಯ ಮಕ್ಕಳನ್ನು ಸ್ವಲ್ಪ ತಡೆದು, ಅದೇ ಕವಿ 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ತಾವೇ ಈ ಸರಳ ವಿಧಿಯನ್ನು ರೂಪಿಸಿದ್ದನ್ನು ಅತ್ತೆಯವರಿಗೆ ಬಿಡಿಸಿ ಹೇಳಿದರು. ‘ಹಾಗಾದ್ರೆ ಮಗನಿಗೇ ಮಾಡಿಸಿದ್ದಾರೆ ಅಂತಾಯ್ತು’ ಎಂದರು ಅತ್ತೆ. ಆಮೇಲೆ ಒಂದು ತಕರಾರಿಲ್ಲ. ಅಷ್ಟು ಜನರ ನಡುವೆ ಒಬ್ಬ ಅಜ್ಜಿಗಾಗಿ ಅಷ್ಟು ಹೊತ್ತು ಕೊಟ್ಟ ಕವಿಮನೆಯ ಆ ಸಿಬ್ಬಂದಿ ಹುಡುಗನಿಗೆ ನನ್ನ ಮೊದಲ ವಂದನೆ.

ಮಂತ್ರದ ಅರ್ಥ ಕನ್ನಡದಲ್ಲಿ ಕಿವಿಗೆ ಬಿದ್ದ ಮದುವೆ ನಾನು ನೋಡಿದ್ದು ಇದೇ ಮೊದಲು. ಯಾವ ಮನುಷ್ಯನೂ ನಮಗಿಂತ ಮೇಲಲ್ಲ, ಕೀಳೂ ಅಲ್ಲ ಎಂಬ ಪ್ರತಿಜ್ಞೆಯನ್ನು ಇಬ್ಬರೂ ಗಟ್ಟಿಯಾಗಿ ಓದಿದರು. ಅಳಿಯನ ತಂದೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ಇಷ್ಟು ದಿನ ನಮ್ಮವರು ಹೇಗೆ ಮಾತಾಡಿಸಿದ್ದರು ಎಂಬುದು ನೆನಪಾಗಿ ನನಗೂ ತಡೆಯಲಾಗಲಿಲ್ಲ. ವರದಕ್ಷಿಣೆಯಿಲ್ಲ, ಸಾಲವಿಲ್ಲ. ನೋಂದಣಿ ಬೇರೆಯಾಗಿ ಮಾಡಿಸಿದೆವು.

ಊಟವಾದ ಮೇಲೆ ಎರಡೂ ಕಡೆಯವರು ಅಲ್ಲಿಯ ಕವಿಶೈಲದ ಗುಡ್ಡ ಹತ್ತಿದೆವು. ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಬಂಡೆಯ ಮೇಲೆ ಕೆತ್ತಿದ ಅಕ್ಷರಗಳನ್ನು ಹುಡುಕುತ್ತಾ, ಫೋನ್ ಎತ್ತದೇ ಇದ್ದ ನನ್ನ ತಮ್ಮನೂ ಬೀಗರೂ ಜೊತೆಯಾಗಿ ಬಾಗಿ ನಿಂತಿದ್ದರು. ಕವಿ ಮಲಗಿರುವುದೂ ಅಲ್ಲೇ.

ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನಕ್ಕೆ, ವಿಧಿ ನಡೆಸಿಕೊಟ್ಟ ಹಿರಿಯರಿಗೆ, ನಸುಕಿನಲ್ಲೇ ಎದ್ದು ಕಡುಬು ಬೇಯಿಸಿದ ಹೆಣ್ಣುಮಕ್ಕಳಿಗೆ, ಹೇಮಾಂಗಣ ಗುಡಿಸಿ ಚಾಪೆ ಹಾಸಿದವರಿಗೆ ನಾವು ಋಣಿಗಳು. ಕವಿಯ ಮನೆಯೊಂದು ನೋಡಲು ಬಂದವರಿಗೆ ಬಾಗಿಲು ತೆರೆಯುವುದು ದೊಡ್ಡದೇ. ನೀವು ನಮ್ಮ ಮನೆಯ ಜಗಳವನ್ನೂ ಒಳಗೆ ಬಿಟ್ಟುಕೊಂಡಿರಿ.

ಡಿಸೆಂಬರ್ 29ರ ಕುವೆಂಪು ಜನ್ಮದಿನಕ್ಕೆ ಎಲ್ಲರೂ ಮತ್ತೆ ಬರುತ್ತಿದ್ದೇವೆ. ಅತ್ತೆಯವರು ಈಗಲೇ ಹೇಳಿಟ್ಟಿದ್ದಾರೆ. ಮಂತ್ರಮಾಂಗಲ್ಯದ ಪುಸ್ತಿಕೆಗಳು ಕೆಲವು ನಮ್ಮಲ್ಲಿ ಉಳಿದಿವೆ. ಮಕ್ಕಳ ಮದುವೆಯ ಯೋಚನೆಯಲ್ಲಿರುವವರು ಕೇಳಿ, ಕಳಿಸಿಕೊಡುತ್ತೇನೆ.