ಯಾವ ವಿಷ, ಎಷ್ಟು ಹೋಯಿತು?

ಮಾನ್ಯ ಸಂಪಾದಕರೇ,

ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಡೇರಿಯಲ್ಲಿ ನಾನು ಕಾರ್ಯದರ್ಶಿ. ಹನ್ನೊಂದು ವರ್ಷದಿಂದ ಬೆಳಿಗ್ಗೆ, ಸಂಜೆ ಹಾಲು ಅಳೆಯುವುದೇ ಕೆಲಸ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು, ನೀರು ಬಿಟ್ಟು ಹಾಲಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು ಎಂದು ನೋಡದೆ ಯಾರ ಲೆಕ್ಕಕ್ಕೂ ದುಡ್ಡು ಬರೆಯುವುದಿಲ್ಲ. ನಮ್ಮತ್ತೆ ತಂದ ಹಾಲಿಗೂ ಅಷ್ಟೇ.

ಹೋದ ತಿಂಗಳು ನಮ್ಮ ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಪೇಟೆಯಿಂದ ಒಬ್ಬರು ಡಿಟಾಕ್ಸ್ ಕಿಟ್ ತಂದಿದ್ದರು. ಏಳು ದಿನಕ್ಕಾಗುವ ಪುಡಿ, ಅಂಗಾಲಿಗೆ ಅಂಟಿಸಿಕೊಳ್ಳುವ ಪಟ್ಟಿ, ಎಲ್ಲ ಸೇರಿ 1,800 ರೂಪಾಯಿ. ಮೈಯಲ್ಲಿರುವ ವಿಷವೆಲ್ಲ ಹೊರಗೆ ಹೋಗುತ್ತದಂತೆ. "ಯಾವ ವಿಷ ಅಕ್ಕಾ, ಹೆಸರೇನು?" ಎಂದು ಕೇಳಿದೆ. "ಎಲ್ಲಾ ತರದ್ದೂ" ಎಂದರು. ನಮ್ಮ ವಾರಗಿತ್ತಿ ಹಾಲಿನ ಬಟವಾಡೆ ದುಡ್ಡಲ್ಲಿ ಒಂದು ಕಿಟ್ ಕೊಂಡೇಬಿಟ್ಟಳು.

ಮೊದಲ ದಿನವೇ ಐದಾರು ಸಲ ಭೇದಿ. "ವಿಷ ಹೋಗ್ತಾ ಇದೆ ಬಿಡಕ್ಕಾ" ಎಂದು ಅವಳಿಗೆ ಖುಷಿ. ಮೂರನೇ ದಿನ ಹಿಂಡಿ ಮೂಟೆ ತೂಗುವ ತಕ್ಕಡಿ ಹತ್ತಿ ನೋಡಿದರೆ ಎರಡು ಕೆಜಿ ಇಳಿದಿದ್ದಳು. ನಾಲ್ಕನೇ ದಿನ ಹಾಲಿನ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವಳು ಅಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಪೊಟ್ಟಣ ತಿರುಗಿಸಿ ಓದಿ, ಅದರಲ್ಲಿರುವುದು ಸೋನಾಮುಖಿ, ಭೇದಿ ಮಾತ್ರೆಗೂ ಅದನ್ನೇ ಹಾಕುತ್ತಾರೆ ಎಂದರು. ಹೋಗಿದ್ದು ನೀರು ಮತ್ತು ಲವಣ, ಅದರಲ್ಲೂ ಪೊಟ್ಯಾಷಿಯಂ. ಅವಳು ಬಿಪಿಗೆ ನುಂಗುವ ಮಾತ್ರೆಯೂ ಮೂತ್ರದಲ್ಲಿ ಪೊಟ್ಯಾಷಿಯಂ ಕಳೆಯುವಂಥದ್ದೇ. ಎರಡೂ ಕೂಡಿದರೆ ಎದೆಬಡಿತ ಹದ ತಪ್ಪಬಹುದಂತೆ. ಡ್ರಿಪ್ ಹಾಕಿಸಿಕೊಂಡು ಮನೆಗೆ ಬಂದಳು. ಆ ಎರಡು ಕೆಜಿ ಮುಂದಿನ ವಾರ ಮುದ್ದೆ ಸಾರಿನ ಜೊತೆ ವಾಪಸ್ ಬಂತು.

ಇನ್ನು ಆ ಪಟ್ಟಿ. ರಾತ್ರಿ ಅಂಟಿಸಿದರೆ ಬೆಳಿಗ್ಗೆ ಕಪ್ಪಗಾಗಿರುತ್ತದೆ, ಅದೇ ವಿಷ ಎನ್ನುತ್ತಾರೆ. ಉಳಿದಿದ್ದ ಹೊಸ ಪಟ್ಟಿ ಒಂದನ್ನು ತಗೊಂಡು ನಾಲ್ಕು ಹನಿ ಬೆಚ್ಚನೆ ನೀರು ಬಿಟ್ಟೆ. ಯಾರ ಕಾಲೂ ತಾಗದೆ ಅದೂ ಕಪ್ಪಗಾಯಿತು! ಒಳಗಿನ ಪುಡಿ ಒದ್ದೆಯಾದರೆ ಬಣ್ಣ ತಿರುಗುತ್ತದೆ, ಅಷ್ಟೇ. ಕಾಲು ಬೆವರಿದರೂ ಸಾಕು.

ನಮ್ಮಜ್ಜಿಯೂ ಹರಳೆಣ್ಣೆ ಕುಡಿಸುತ್ತಿದ್ದಳು, ಮೂಗು ಹಿಡಿದು. ಆದರೆ ಹೊಟ್ಟೆ ಕಟ್ಟಿದೆ ಅಂತ ಕೊಡುತ್ತಿದ್ದಳೇ ಹೊರತು ರಕ್ತ ಶುದ್ಧಿಯಾಗುತ್ತೆ ಅಂತಲ್ಲ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆಯಲ್ವಾ? ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೆಚ್ಚುಕಮ್ಮಿ ನಮ್ಮ ಡೇರಿಗೆ ಬೆಳಗಿನ ಹೊತ್ತು ಬರುವ ಹಾಲಿನಷ್ಟು.

ಹೆಸರೂ ಅಳತೆಯೂ ಇರುವ ವಿಷ ನಮ್ಮ ಊರಲ್ಲೇ ಇದೆ. ಬೋರ್‌ವೆಲ್ ನೀರಿನ ಫ್ಲೋರೈಡ್. ಬೇರೆ ನೀರೇ ಇಲ್ಲದ ಕಡೆ ಕೂಡ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಲೆಕ್ಕವಿದೆ. ನಮ್ಮ ಶಾಲೆ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆ ನೋಡಿದರೆ ಸಾಕು. ಮಂಡಿ ಹಿಡಿದುಕೊಂಡು ಡೇರಿ ಮೆಟ್ಟಿಲು ಹತ್ತುವವರೂ ಇದ್ದಾರೆ. ಮೂಳೆ ಸೇರಿದ ಫ್ಲೋರೈಡ್ ಯಾವ ಪುಡಿ ತಿಂದು ಎಷ್ಟು ಭೇದಿಯಾದರೂ ಇಳಿಯುವುದಿಲ್ಲ. ನೀರು ಕಾಯಿಸಿದರೂ ಹೋಗುವುದಿಲ್ಲ. ಆವಿಯಾದಷ್ಟೂ ಉಳಿದ ನೀರಲ್ಲಿ ಜಾಸ್ತಿಯೇ ಆಗುತ್ತದೆ. ಅದನ್ನು ತೆಗೆಯುವ ಶುದ್ಧ ನೀರಿನ ಘಟಕ ಊರಲ್ಲಿದೆ, ಐದು ರೂಪಾಯಿ ಹಾಕಿದರೆ 20 ಲೀಟರ್ ಬರುತ್ತಿತ್ತು. ಮೂರು ತಿಂಗಳಿಂದ ಬಾಗಿಲು ಹಾಕಿದೆ. ಕೇಳಿದರೆ ಫಿಲ್ಟರ್ ಬರಬೇಕು ಎನ್ನುತ್ತಾರೆ.

1,800 ರೂಪಾಯಿಗೆ ಎಷ್ಟು ಕ್ಯಾನ್ ನೀರು ಬರುತ್ತಿತ್ತು ಎಂದು ವಾರಗಿತ್ತಿ ಈಗ ತಾನಾಗಿಯೇ ಲೆಕ್ಕ ಹಾಕುತ್ತಾಳೆ. 360. ಘಟಕ ಬೇಗ ರಿಪೇರಿ ಮಾಡಿಸಿ ಎಂದು ಸಂಘದಿಂದ ಅರ್ಜಿ ಕೊಟ್ಟಿದ್ದೇವೆ. ಪತ್ರಿಕೆಯಲ್ಲಿ ಬಂದರೆ ಬೇಗ ಆಗಬಹುದು ಎಂದು ಇದನ್ನು ಬರೆದಿದ್ದೇನೆ. ಹಾಗೇ ನೀರಿನ ಪರೀಕ್ಷೆಯ ವರದಿಯನ್ನು ಘಟಕದ ಗೋಡೆಗೆ ಅಂಟಿಸಲಿ, ನಾವು ಡೇರಿಯಲ್ಲಿ ಫ್ಯಾಟ್ ಬರೆದು ಹಾಕುವ ಹಾಗೆ.

— ಡೇರಿ ಕಾರ್ಯದರ್ಶಿ, ಬಾಗೇಪಲ್ಲಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ