ಹೊರಡುವ ಮೊದಲು

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದು, ಎಂಪಿಎಚ್, ಮುಗಿಯಿತು. ಆಸ್ಪತ್ರೆಯ ವಾರ್ಡು ಬಿಟ್ಟು ನಿರಾಶ್ರಿತರ ಶಿಬಿರದ ಕೆಲಸಕ್ಕೆ ಹೊರಟಿದ್ದೇನೆ. ಯಾಕೆ ಎಂದು ಕೇಳಿದವರಿಗೆಲ್ಲ ಹೇಳಿಯಾಗಿದೆ. ಮಣಿಪಾಲದ ಮೇಷ್ಟ್ರುಗಳು, ಡ್ಯೂಟಿ ಬದಲಿಸಿಕೊಟ್ಟ ಸಹೋದ್ಯೋಗಿಗಳು, ಮಳೆಯಲ್ಲಿ ಮನೆಮನೆಗೆ ಓಆರ್‌ಎಸ್ ಹಂಚಿದ ಆಶಾ ಅಕ್ಕಂದಿರು, ಸಾಲದ ಕಂತಿನ ಲೆಕ್ಕ ಹಾಕಿಯೂ ಹೋಗು ಎಂದ ಮನೆಯವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ಉಳಿದದ್ದೆಲ್ಲ ನಮ್ಮ ಹೆಲ್ತ್ ಇನ್ಸ್‌ಪೆಕ್ಟರ್ ಅಣ್ಣನಿಗೆ. ಆಟಿ ತಿಂಗಳ ಮಳೆಗೆ ವಾಂತಿಭೇದಿ ಹಬ್ಬಿದ ಆ ರಾತ್ರಿ ನಾವೆಲ್ಲ ಡ್ರಿಪ್ ಹಾಕುವುದರಲ್ಲೇ ಇದ್ದೆವು. ಅವರು ಬೆಳಗಾಗುವವರೆಗೆ ಬಾವಿಕಟ್ಟೆ ಬಿಡಲಿಲ್ಲ. "ಡಾಕ್ಟ್ರೇ, ಒಳಗೆ ನೀವು ನೋಡಿ. ಹೊಸ ಕೇಸ್ ಬಾರದ ಹಾಗೆ ಮಾಡ್ಲಿಕ್ಕೆ ನಾನಿದ್ದೇನೆ."

ಬಾವಿಗೆ ಪುಡಿ ಹಾಕುವುದು ಏನು ಮಹಾ ಎನ್ನುವವರು ಅವರ ಕೈಕೆಲಸ ನೋಡಬೇಕು. ಮೊದಲು ಹಗ್ಗಕ್ಕೆ ಕಲ್ಲು ಕಟ್ಟಿ ಆಳ ಅಳೆಯುತ್ತಾರೆ. 3 ಮೀಟರ್ ವ್ಯಾಸ, 4 ಮೀಟರ್ ನೀರು ಎಂದರೆ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ 70 ಗ್ರಾಂ ಬ್ಲೀಚಿಂಗ್ ಪೌಡರ್. ಇದು ಒಳ್ಳೆಯ ಪುಡಿಯ ಲೆಕ್ಕ. ಬಾಯಿ ಬಿಚ್ಚಿಟ್ಟ ಚೀಲದ್ದಾದರೆ ನಮ್ಮ ಕರಾವಳಿಯ ತೇವಕ್ಕೆ ಕ್ಲೋರಿನ್ ಹಾರಿಹೋಗಿ ಹೆಚ್ಚಿನ ಪಾಲು ಸುಣ್ಣವೇ ಉಳಿದಿರುತ್ತದೆ. ಪುಡಿಯನ್ನು ಗಂಟಿಲ್ಲದೆ ಕಲಸಿ, ಬಕೆಟ್ ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನಷ್ಟೇ ಇನ್ನೊಂದಕ್ಕೆ ಬಗ್ಗಿಸುತ್ತಾರೆ. ತಳದ ಸುಣ್ಣ ಬಾವಿಗೆ ಹೋದರೆ ನೀರು ಗಡಸು. ತಿಳಿಯ ಬಕೆಟನ್ನು ನೀರಿನೊಳಗೆ ಇಳಿಸಿ, ಮೇಲೆ ಕೆಳಗೆ ಜಗ್ಗಿ ಚೆನ್ನಾಗಿ ಕಲಕಬೇಕು. ಮತ್ತೆ ಒಂದು ಗಂಟೆ ಯಾರೂ ಕೊಡಪಾನ ಇಳಿಸುವ ಹಾಗಿಲ್ಲ.

ಆಮೇಲೆ ಕ್ಲೋರೊಸ್ಕೋಪ್, ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಹಳದಿ ಬಣ್ಣದಿಂದ ತೋರಿಸುವ ಪರೀಕ್ಷೆ. ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಆ ರಾತ್ರಿ ಹಳದಿ ಬರಲೇ ಇಲ್ಲ. ಬಾವಿಗೋಡೆಯ ಮುರಕಲ್ಲಿನ ಸಂದಿಯಿಂದ ಕೊಳಚೆ ಒಸರುತ್ತಿದ್ದರೆ ಹಾಕಿದ ಕ್ಲೋರಿನ್ನನ್ನೆಲ್ಲ ಅದೇ ನುಂಗುತ್ತದೆ. ಅಣ್ಣ ಮತ್ತೆ ಪುಡಿ ತೂಗಿದರು, ಮತ್ತೆ ಕಲಸಿದರು, ಬಣ್ಣ ಬಂದ ಮೇಲೆಯೇ ಕೈ ತೊಳೆದರು.

ಆ ರಾತ್ರಿ ವಾರ್ಡಿನಲ್ಲಿದ್ದ ಒಂದು ಮಗು ಉಳಿಯಲಿಲ್ಲ. ಅದರ ಬಗ್ಗೆ ಬರೆಯಲು ಇವತ್ತಿಗೂ ಕೈ ಏಳುವುದಿಲ್ಲ.

ಮತ್ತೆ ಆ ಬಾವಿಯ ಸುತ್ತಿನ ಮನೆಗಳಿಂದ ಬರುವವರು ಕಡಿಮೆಯಾಗುತ್ತಾ ನಿಂತೇಹೋದರು. ಬಾರದೇ ಹೋದ ರೋಗಿಗೆ ಕೇಸ್ ಶೀಟ್ ಇರುವುದಿಲ್ಲ, ಹಾಗಾಗಿ ಅಣ್ಣನ ಹೆಸರು ಎಲ್ಲೂ ದಾಖಲಾಗಲಿಲ್ಲ.

ಶಿಬಿರದಲ್ಲಿ ಸ್ಫಿಯರ್ ಮಾನದಂಡ, ಅಂದರೆ ಪರಿಹಾರ ಕೆಲಸಕ್ಕೆ ಇರುವ ಅಂತರರಾಷ್ಟ್ರೀಯ ಕನಿಷ್ಠ ಅಳತೆ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೊಂದು ನಲ್ಲಿ, 20 ಜನಕ್ಕೊಂದು ಪಾಯಿಖಾನೆ. ಟ್ಯಾಂಕಿಯಲ್ಲಿ ಕ್ಲೋರಿನ್ ಇದ್ದರೆ ಸಾಲದು, ಬಿಡಾರದೊಳಗಿನ ಕೊಡದಲ್ಲೂ ಉಳಿದಿರಬೇಕು. ನೀರು ಕದಡಿದ್ದರೆ ಎಷ್ಟು ಹೆಚ್ಚು ಹಾಕಬೇಕು ಎಂದು ಕೇಳಲು ಅಣ್ಣನಿಗೇ ಫೋನ್ ಮಾಡುವವ ನಾನು. ಅವರು ವಾಟ್ಸಾಪ್ ನೋಡುವವರಲ್ಲ ಮಾರಾಯ್ರೆ, ಮಗಳ ನಂಬರ್ ಇಸ್ಕೊಂಡಿದ್ದೇನೆ.